ಹಗೇವು ಮುಚ್ಚಿದ ಮೇಲೆ

ಹಗೇವು ತೆಗೆಯುವುದು ಎಲ್ಲರ ಕೈಗೆ ಒಗ್ಗುವ ಕೆಲಸವಾಗಿರಲಿಲ್ಲ. ಊರೊಳಗಿನ ದಿಬ್ಬದ ನೆಲ ನೋಡಿ, ನೀರು ಜಿನುಗದ ಗಟ್ಟಿ ಮಣ್ಣು ಹುಡುಕಿ, ಬಾಯಿ ಕಿರಿದಾಗಿ ಹೊಟ್ಟೆ ಅಗಲವಾಗಿ ಅಗೆಯಬೇಕು. ಆಳು ಇಳಿದರೆ ತಲೆ ಕಾಣದಷ್ಟು ಆಳ. ಒಳಗೆ ಬೆಂಕಿ ಹಾಕಿ ಗೋಡೆ ಒಣಗಿಸಿ, ತಳಕ್ಕೂ ಸುತ್ತಲಿಗೂ ಒಣ ಕಣಕಿ, ಹೊಟ್ಟು ಒತ್ತಿ, ರಾಶಿಯಾದ ಬಿಳಿಜೋಳ ತುಂಬಿ, ಬಾಯಿಗೆ ಕಲ್ಲುಚಪ್ಪಡಿ ಇಟ್ಟು ಮಣ್ಣು ಮೆತ್ತಿದರೆ ಎರಡು ಮೂರು ವರ್ಷ ಕಾಳಿನ ಚಿಂತೆ ಇಲ್ಲ. ಚೆನ್ನಾಗಿ ಕಟ್ಟಿದ ಹಗೇವಿನಲ್ಲಿ ಅದಕ್ಕೂ ಹೆಚ್ಚು ಕಾಲ ಉಳಿಯುತ್ತಿತ್ತು. ತೆರೆದ ದಿನ ಯಾರೂ ಒಮ್ಮೆಲೇ ಒಳಗಿಳಿಯುತ್ತಿರಲಿಲ್ಲ. ಕೆಟ್ಟ ಗಾಳಿ ಹೊರಗೆ ಹೋಗಲಿ ಎಂದು ಕಾದು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು, ದೀಪ ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದ. ಅಥಣಿಯಿಂದ ಮೂಡಲಕ್ಕೆ ವಿಜಯಪುರದವರೆಗೂ ಹಬ್ಬಿದ ಎರೆನಾಡಿನಲ್ಲಿ ಹೆಣ್ಣು ಕೊಡುವವರು ಹೊಲದ ಜೊತೆಗೆ ಹಗೇವನ್ನೂ ವಿಚಾರಿಸುತ್ತಿದ್ದರು. ಮಳೆಯನ್ನು ನೆಚ್ಚಿ ಬದುಕಲಾಗದ ನೆಲದಲ್ಲಿ ಒಳ್ಳೆಯ ವರ್ಷದ ಕಾಳನ್ನು ಕೆಟ್ಟ ವರ್ಷಕ್ಕೆ ಕಾದಿಡುವ ದಾರಿ ಅದೊಂದೇ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ: ಬೆಳಗಾವಿ ಜಿಲ್ಲೆಯ ಬಡಗಣ ಅಂಚಿನ ಈ ಐದು ತಾಲೂಕುಗಳು ಇಂದು ಕಬ್ಬಿನ ನಾಡು. ಕಾರ್ಖಾನೆಯ ಹೊಗೆಗೂಡು ಕಾಣದ ದಾರಿ ಇಲ್ಲಿ ಕಡಿಮೆ. ದುಡ್ಡು ಓಡಾಡುತ್ತದೆ, ಸಾಲವೂ ಓಡಾಡುತ್ತದೆ. ಆದರೆ ಹೊಳೆಸಾಲಿನ ಬಹಳಷ್ಟು ಮನೆಗಳಲ್ಲಿ ರೊಟ್ಟಿಯ ಜೋಳ ಸಂತೆಯಿಂದ ಬರುತ್ತದೆ, ಅನ್ನದ ಅಕ್ಕಿ ರೇಶನ್ ಅಂಗಡಿಯಿಂದ ಬರುತ್ತದೆ. ತನ್ನ ಕಾಳು ತಾನು ಬೆಳೆದು, ಉಂಡು, ಉಳಿಸಿಡುತ್ತಿದ್ದ ಸೀಮೆ ಸುಮಾರು ನೂರೈವತ್ತು ವರ್ಷಗಳಲ್ಲಿ ಇಲ್ಲಿಗೆ ಬಂದು ನಿಂತ ಬಗೆಯನ್ನು ಬರೆದಿಡಬೇಕು ಎಂಬುದು ನನ್ನ ಬಹುದಿನದ ಆಸೆ. ಏಕೆಂದರೆ ಈ ಬದಲಾವಣೆಯನ್ನು ರೈತನ ದುರಾಸೆ ಎಂದು ಬೈಯುವವರಿದ್ದಾರೆ, ಪ್ರಗತಿ ಎಂದು ಹೊಗಳುವವರಿದ್ದಾರೆ. ಇಬ್ಬರೂ ಈ ಚರಿತ್ರೆಯನ್ನು ಪೂರ್ತಿ ನೋಡಿಲ್ಲ.

ಮೊದಲು ನೆಲ. ಪಡುವಣದ ನಿಪ್ಪಾಣಿ ಕಡೆಗೆ ಸಹ್ಯಾದ್ರಿಯ ಮಳೆಯ ಬಾಲ ತಾಗುತ್ತದೆ. ವೇದಗಂಗಾ, ದೂಧಗಂಗಾ ಅಲ್ಲಿಂದ ಇಳಿದು ಬರುತ್ತವೆ. ನಡುವೆ ಕೃಷ್ಣೆ. ಕೃಷ್ಣೆಗೂ ಘಟಪ್ರಭೆಗೂ ನಡುವಿನ ಬಯಲು ರಾಯಬಾಗ. ಹೊಳೆ ದಾಟಿ ಬಡಗಣಕ್ಕೂ ಮೂಡಣಕ್ಕೂ ಹೋದರೆ ಕಾಗವಾಡ, ಅಥಣಿ. ಅಲ್ಲಿ ವರ್ಷದ ಮಳೆ 600 ಮಿಲಿಮೀಟರ್ ಮುಟ್ಟಿದರೆ ಪುಣ್ಯ. ಇಷ್ಟು ಚಿಕ್ಕ ಸೀಮೆಯಲ್ಲಿ ಅತಿ ನೀರೂ ಇದೆ, ನೀರಿಲ್ಲದ ನೆಲವೂ ಇದೆ. ಹಳೆಯ ಬೇಸಾಯ ಎರಡನ್ನೂ ಬಲ್ಲದಾಗಿತ್ತು. ಹೊಳೆ ಇಳಿದ ಮೇಲೆ ಉಳಿದ ಮೆಕ್ಕಲಿನಲ್ಲಿ ಕಾಯಿಪಲ್ಲೆ, ಎರೆಯಲ್ಲಿ ಹಿಂಗಾರಿ ಜೋಳ, ಮಡ್ಡಿಯಲ್ಲಿ ಸಜ್ಜೆ. ಉತ್ತರಿ, ಹಸ್ತಿ ಮಳೆಯ ಹಸಿಯಲ್ಲಿ ಕೂರಿಗೆ ಹೂಡಿ ಬಿತ್ತಿದ ಜೋಳ ಮುಂದೆ ಅದೇ ಹಸಿಯಲ್ಲಿ, ಚಳಿಗಾಲದ ಇಬ್ಬನಿಯಲ್ಲಿ ಬೆಳೆದು ನಿಲ್ಲುತ್ತಿತ್ತು. ಬಿತ್ತುವಾಗ ಜೋಳವೊಂದನ್ನೇ ಬಿತ್ತುತ್ತಿರಲಿಲ್ಲ. ಇಷ್ಟು ಸಾಲಿಗೆ ಒಂದು ಅಕ್ಕಡಿ ಎಂದು ಲೆಕ್ಕ ಹಿಡಿದು ಕುಸುಬಿ, ಕಡಲೆ. ಮುಂಗಾರಿಯಲ್ಲಾದರೆ ತೊಗರಿ, ಹೆಸರು, ಮಡಕಿ, ಎಳ್ಳು, ಪುಂಡಿ. ಕುಸುಬಿ ಗಾಣಕ್ಕೆ ಹೋಗಿ ಎಣ್ಣೆಯಾಗುತ್ತಿತ್ತು, ಪುಂಡಿಯ ಎಲೆ ಪಲ್ಲೆಗೆ, ನಾರು ಹಗ್ಗಕ್ಕೆ. ರೊಟ್ಟಿ, ಬೇಳೆ, ಎಣ್ಣೆ, ದನದ ಮೇವು, ಎತ್ತು ಕಟ್ಟುವ ಹಗ್ಗ, ಎಲ್ಲವೂ ಒಂದೇ ಹೊಲದಿಂದ. ಕಣದಲ್ಲಿ ಹಂತಿ ಹೊಡೆದು ರಾಶಿ ಮಾಡಿದ ದಿನವೇ ಬಡಿಗ, ಕಮ್ಮಾರ, ಕುಂಬಾರರ ಆಯ ಅಳೆದು ಕೊಡಬೇಕು. ಉಳಿದದ್ದು ಮನೆಗೆ, ಮಿಕ್ಕಿದ್ದು ಹಗೇವಿಗೆ.

ಈ ಏರ್ಪಾಟನ್ನು ಸ್ವರ್ಗವೆಂದು ನಾನು ಚಿತ್ರಿಸಲಾರೆ. ಹಗೇವು ಇದ್ದದ್ದು ಹೊಲ ಇದ್ದವರಿಗೆ. ಆಯದ ಕಾಳು ಕೈಯೊಡ್ಡಿ ಪಡೆಯಬೇಕಾದವರಿಗೆ, ದಿನಗೂಲಿಯ ದಲಿತ ಕೇರಿಗೆ, ಹಗೇವಿನ ಬಾಯಿ ತೆರೆಯುವುದು ಗೌಡನ ಮನಸ್ಸು ಬಂದಾಗ ಮಾತ್ರ. ಬರದ ಮೊದಲ ಹೊಡೆತ ತಿಂದವರು ಅವರೇ.

1876ರಲ್ಲಿ ಅಂಥ ಬರ ಬಂತು. ಆಗ ಚಿಕ್ಕೋಡಿ, ಅಥಣಿ ಮುಂಬಯಿ ಪ್ರಾಂತದ ಬ್ರಿಟಿಷ್ ತಾಲೂಕುಗಳು. ರಾಯಬಾಗ ಕೊಲ್ಹಾಪುರ ಸಂಸ್ಥಾನದ್ದು. ಕಾಗವಾಡ ಸುತ್ತಿನ ಹಲವು ಊರುಗಳು ಪಟವರ್ಧನ ಮನೆತನದ ಸಂಸ್ಥಾನಗಳಲ್ಲಿ ಹಂಚಿಹೋಗಿದ್ದವು. ಗಡಿ ಬೇರೆ ಬೇರೆ, ಮುಗಿಲು ಒಂದೇ. ಹಿಂಗಾರಿ ಮಳೆ ಕೈಕೊಟ್ಟಿತು. ಬಿತ್ತುವ ಹಸಿಯೇ ಇಲ್ಲದ ಎರೆ ಬಾಯಿಬಿಟ್ಟುಕೊಂಡು ಬಿದ್ದಿತು. ಬೆಳಗಾವಿ, ಧಾರವಾಡ, ಕಲಾದಗಿ, ಸೊಲ್ಲಾಪುರ, ಸಾತಾರೆ ಜಿಲ್ಲೆಗಳೆಲ್ಲ ಬರದ ಬಾಯಿಗೆ ಸಿಕ್ಕವು. ಬೆಳಗಾವಿಯಲ್ಲಿ ಮೂಡಲ ತಾಲೂಕುಗಳ ಪಾಡು ಎಲ್ಲಕ್ಕಿಂತ ಕಠಿಣವಾಯಿತು. ಭೂಕಂದಾಯವನ್ನು ನಗದಿನಲ್ಲೇ ಕಟ್ಟಬೇಕೆಂಬ ನಿಯಮದಿಂದ ಕಾಳು ಮಾರಿ ದುಡ್ಡು ಮಾಡುವ ರೂಢಿ ಅಷ್ಟರಲ್ಲಾಗಲೇ ಬೇರೂರಿತ್ತು. ಹತ್ತಿಗೆ ಬೆಲೆ ಬಂದ ವರ್ಷಗಳಲ್ಲಿ ಜೋಳದ ಎರೆ ಹತ್ತಿಗೆ ತಿರುಗಿತ್ತು. ಹಾಗಾಗಿ ಬರ ಬಂದಾಗ ಎಷ್ಟೋ ಹಗೇವುಗಳಲ್ಲಿ ಮೊದಲಿನಷ್ಟು ಕಾಳು ಇರಲಿಲ್ಲ. ಇದ್ದವರು ಬೆಲೆ ಏರಲಿ ಎಂದು ಬಾಯಿ ತೆರೆಯಲಿಲ್ಲ.

ದೇಶದಲ್ಲಿ ಕಾಳೇ ಇರಲಿಲ್ಲವೇ? ಇತ್ತು. ಅದೇ ವರ್ಷಗಳಲ್ಲಿ ಹಡಗು ತುಂಬಿ ಹೊರದೇಶಕ್ಕೆ ಗೋಧಿ ಹೋಗುತ್ತಿತ್ತು. ವೈಸರಾಯ್ ಲಿಟ್ಟನ್ ವ್ಯಾಪಾರದಲ್ಲಿ ಕೈಹಾಕಲು ಒಪ್ಪಲಿಲ್ಲ. ಬರದ ಮೇಲ್ವಿಚಾರಣೆಗೆ ಬಂದ ರಿಚರ್ಡ್ ಟೆಂಪಲ್ 1877ರ ಜನವರಿಯಲ್ಲಿ ಪರಿಹಾರ ಕಾಮಗಾರಿಯ ಕೂಲಿಯನ್ನು ಗಂಡಾಳಿಗೆ ದಿನಕ್ಕೆ 1 ಪೌಂಡ್ ಧಾನ್ಯ ಮತ್ತು 1 ಆಣೆಗೆ ಇಳಿಸಿದ. ಕಲ್ಲು ಒಡೆದು ರಸ್ತೆಗೆ ಹಾಕುವವನಿಗೆ ಅರ್ಧ ಕಿಲೋಗೂ ಕಡಿಮೆ ಕಾಳು! ಮುಂಬಯಿ ಪ್ರಾಂತದ ಕೂಲಿಗಳು ಗುಂಪುಗುಂಪಾಗಿ ಕೆಲಸ ಬಿಟ್ಟು ಹೊರಟು ಪ್ರತಿಭಟಿಸಿದರು. ಹಸಿದವರ ಮುಷ್ಕರವದು. 1876–78ರ ಆ ಬರದಲ್ಲಿ ಬ್ರಿಟಿಷ್ ಆಳ್ವಿಕೆಯ ಭಾಗದಲ್ಲೇ 50 ಲಕ್ಷಕ್ಕೂ ಮೀರಿ ಜನ ಸತ್ತರೆಂದು ಲೆಕ್ಕ.

ಬರದ ನಂತರ ಸರ್ಕಾರ ಎಚ್ಚೆತ್ತಿತು. 1880ರಲ್ಲಿ ಕ್ಷಾಮ ಆಯೋಗ ವರದಿ ಕೊಟ್ಟಿತು. ಬರದ ಸೀಮೆಗೆ ರೈಲು ಬೇಕು, ಕಾಲುವೆ ಬೇಕು ಎಂದಿತು. ಹೀಗೆ ಹುಟ್ಟಿದ್ದು 1882ರ ಸದರ್ನ್ ಮರಾಠಾ ರೈಲ್ವೆ. ಅದರ ಹಳಿ ಮುಂದಿನ ಹತ್ತು ವರ್ಷದೊಳಗೆ ಈ ಸೀಮೆಯನ್ನು ಸೀಳಿಕೊಂಡು ಹೋಯಿತು. ಮಿರಜ ಬಿಟ್ಟರೆ ಶೇಡಬಾಳ, ಉಗಾರ ಖುರ್ದ, ಹೊಳೆ ದಾಟಿ ಕುಡಚಿ, ಚಿಂಚಲಿ, ರಾಯಬಾಗ, ಚಿಕ್ಕೋಡಿ ರೋಡ, ಘಟಪ್ರಭಾ. ಇತ್ತ ಘಟಪ್ರಭೆಗೆ ಧೂಪದಾಳದಲ್ಲಿ ಒಡ್ಡು ಬಿದ್ದಿತು. 1897ರ ಹೊತ್ತಿಗೆ ಗೋಕಾಕ ಕಾಲುವೆಗೆ ನೀರು ಹರಿಯಿತು. ಎರಡೂ ಒಳ್ಳೆಯ ಕೆಲಸಗಳೇ. 1896–97 ಮತ್ತು 1899–1900ರಲ್ಲಿ ಬರ ಮರಳಿದಾಗ ರೈಲಿನಲ್ಲಿ ಕಾಳು ಬಂದದ್ದು ಸುಳ್ಳಲ್ಲ. ಆದರೆ ಬಂದ ಹಳಿಯ ಮೇಲೆಯೇ ಕಾಳು ಹೋಗುತ್ತಿತ್ತು ಕೂಡ. ಮುಂಬಯಿಯ ದರ ಕುಡಚಿಯ ದರವಾಯಿತು. ಒಳ್ಳೆಯ ಸುಗ್ಗಿಯಲ್ಲಿ ಜೋಳ ಹಗೇವಿಗೆ ಇಳಿಯುವ ಬದಲು ಚೀಲಕ್ಕೆ ಇಳಿದು ಸ್ಟೇಷನ್ನಿಗೆ ಹೋಗತೊಡಗಿತು. ಕಾಳನ್ನು ಕಾಯುವ ಹೊಣೆ ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಸರ್ಕಾರಕ್ಕೆ ಸರಿದದ್ದರ ಮೊದಲ ಮೆಟ್ಟಿಲು ಇದು. ನನ್ನ ತಿಳಿವಳಿಕೆಯಲ್ಲಿ ಮುಂದಿನ ಚರಿತ್ರೆಯೆಲ್ಲ ಇದರ ವಿಸ್ತಾರ.

ನೇಗಿಲೂ ಬದಲಾಯಿತು. ಗುರ್ಲಹೊಸೂರಿನ ಲಕ್ಷ್ಮಣರಾವ್ ಕಿರ್ಲೋಸ್ಕರ್ 1903ರ ಸುಮಾರಿಗೆ ಬೆಳಗಾವಿಯಲ್ಲಿ ಕಬ್ಬಿಣದ ನೇಗಿಲು ಮಾಡಿದಾಗ, ಕಬ್ಬಿಣ ತಾಗಿದರೆ ನೆಲಕ್ಕೆ ವಿಷವೇರುತ್ತದೆ ಎಂದು ಹೆದರಿ ರೈತರು ಕೊಳ್ಳಲಿಲ್ಲ. ಆ ಹೆದರಿಕೆ ಹೋಗಲು ಎರಡು ವರ್ಷ ಹಿಡಿಯಿತು. 1910ರಲ್ಲಿ ಅವರು ಕಾರ್ಖಾನೆಯನ್ನು ಔಂಧ ಸಂಸ್ಥಾನದ ನೆಲಕ್ಕೆ, ಇಂದಿನ ಕಿರ್ಲೋಸ್ಕರವಾಡಿಗೆ ಒಯ್ದರು. ಕರಕಿಯ ಬೇರಿಳಿದ ಎರೆಯನ್ನು ಆಳವಾಗಿ ಉಳುವ ನೇಗಿಲು, ಮೇವು ಕತ್ತರಿಸುವ ಯಂತ್ರ, ಕಬ್ಬು ಅರೆಯುವ ಗಾಣ ಅಲ್ಲಿಂದ ಈ ಹಳ್ಳಿಗಳಿಗೆ ಬಂದವು. ಇಂಥ ನೇಗಿಲು ಎಳೆಯಲು ಎತ್ತೂ ಅಂಥದ್ದೇ ಬೇಕಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸಾಂಗಲಿ ಮೊದಲಾದ ಸಂಸ್ಥಾನದ ಅರಸರು ಗೀರ್, ಓಂಗೋಲ್, ಕಾಂಕ್ರೇಜ್ ತಳಿಗಳನ್ನು ಸ್ಥಳೀಯ ದನಗಳೊಡನೆ ಕೂಡಿಸಿ ಬೆಳೆಸಿದ ಕೃಷ್ಣಾ ಕಣಿವೆ ತಳಿಯ ಭಾರಿ ಎತ್ತುಗಳು ಹೊಳೆಸಾಲಿನ ಹೆಮ್ಮೆಯಾಗಿದ್ದವು. ಇಂದು ಆ ತಳಿ ಅಳಿವಿನ ಅಂಚಿನಲ್ಲಿದೆ. ಜೋಳದ ಕಣಕಿ ಹೋದಲ್ಲಿ ಎತ್ತು ಉಳಿಯುವುದಿಲ್ಲ.

1939ರಲ್ಲಿ ಶಿರಗಾಂವಕರ್ ಮನೆತನದವರು ಉಗಾರ ಖುರ್ದದಲ್ಲಿ ಸಕ್ಕರೆ ಕಾರ್ಖಾನೆ ಕಟ್ಟಿದರು. ಪಕ್ಕದಲ್ಲೇ ರೈಲು, ಪಕ್ಕದಲ್ಲೇ ಹೊಳೆ. ಅಷ್ಟು ದಿನ ಬಾವಿಯ ಕಪಲಿ ನೀರಿಗೆ ಸಿಕ್ಕಷ್ಟು ಮಡಿಯಲ್ಲಿ ಕಬ್ಬು ಬೆಳೆದು ಬೆಲ್ಲ ಮಾಡುತ್ತಿದ್ದ ಊರುಗಳಿಗೆ ಕಬ್ಬನ್ನು ಗಾಡಿಗಟ್ಟಲೆ ಕೊಳ್ಳುವ ಗಿರಾಕಿ ಸಿಕ್ಕ.

ಅದೇ ವರ್ಷ ಮಹಾಯುದ್ಧ ಆರಂಭವಾಯಿತು. ಕಬ್ಬನ್ನೇ ನೆಚ್ಚಿದರೆ ಏನಾದೀತೆಂದು ತಿಳಿಯಲು ಇಲ್ಲಿ ನಾನು ಓದುಗರನ್ನು ಸ್ವಲ್ಪ ಹೊತ್ತು ಹಿಂದೂ ಮಹಾಸಾಗರದ ನಡುವಿನ ಒಂದು ಪುಟ್ಟ ದ್ವೀಪಕ್ಕೆ ಕರೆದೊಯ್ಯಬೇಕು. ಮಾರಿಷಸ್ಸಿನ ಮುಖ್ಯ ದ್ವೀಪದ ವಿಸ್ತೀರ್ಣ 1,865 ಚದರ ಕಿಲೋಮೀಟರ್. ಕಾಗವಾಡ ಸೇರಿದ್ದ ಹಳೆಯ ಅಥಣಿ ತಾಲೂಕೊಂದೇ ಹೆಚ್ಚುಕಡಿಮೆ 2,000 ಚದರ ಕಿಲೋಮೀಟರ್. ಅಂದರೆ ನಮ್ಮ ಒಂದು ತಾಲೂಕಿನಷ್ಟಿರುವ ದೇಶ. 1834ರಿಂದ ಗಿರ್ಮಿಟ್ ಕೂಲಿಗಳಾಗಿ ಹಡಗು ಹತ್ತಿದ ಭಾರತೀಯರು ಅಲ್ಲಿ ಕಬ್ಬು ಬೆಳೆದರು. ಮುಂಬಯಿ ಬಂದರಿನಿಂದ ಹೋದ ರತ್ನಾಗಿರಿ, ಕೊಲ್ಹಾಪುರ ಕಡೆಯ ಮರಾಠಿ ಮಂದಿಯ ವಂಶಜರು ಇಂದಿಗೂ ಅಲ್ಲಿದ್ದಾರೆ. ಬೇಸಾಯದ ನೆಲದಲ್ಲಿ ಬಹುಪಾಲು ಕಬ್ಬೇ. ಸಕ್ಕರೆ ಯುರೋಪಿಗೆ, ಅಕ್ಕಿ ಬರ್ಮಾದಿಂದ. ಲೆಕ್ಕ ಸರಿಯಾಗಿಯೇ ನಡೆದಿತ್ತು. 1942ರ ಮಾರ್ಚಿನಲ್ಲಿ ಜಪಾನೀಯರು ರಂಗೂನ್ ಹಿಡಿದರು, ಅಕ್ಕಿಯ ಹಡಗು ನಿಂತಿತು. ಸಕ್ಕರೆಯ ರಾಶಿಯ ಪಕ್ಕದಲ್ಲಿ ಜನ ಹಸಿದರು. ಕಬ್ಬಿನ ತೋಟದ ಒಂದು ಪಾಲಿನಲ್ಲಿ ಮೆಕ್ಕೆಜೋಳ, ಮರಗೆಣಸು, ಸಿಹಿಗೆಣಸು ಬೆಳೆಯಲೇಬೇಕೆಂದು ಅಲ್ಲಿನ ಸರ್ಕಾರ ಒಡೆಯರಿಗೆ ಕಟ್ಟಪ್ಪಣೆ ಮಾಡಬೇಕಾಯಿತು.

ಬರ್ಮಾ ಅಕ್ಕಿ ನಿಂತ ಬಿಸಿ ಮುಂಬಯಿ ಪ್ರಾಂತಕ್ಕೂ ತಟ್ಟಿತು. 1942–43ರಲ್ಲಿ ನೆರೆಯ ವಿಜಯಪುರ ಜಿಲ್ಲೆಯಲ್ಲಿ ಮತ್ತೆ ಬರ. 1943ರ ಮೇ ತಿಂಗಳಲ್ಲಿ ಮುಂಬಯಿ ನಗರದಲ್ಲಿ ರೇಶನ್ ಬಂತು. ನಗರಕ್ಕೆ ಕಾಳು ಒದಗಿಸಲು ಹಳ್ಳಿಗಳ ಮೇಲೆ ಲೆವಿ ಬಿದ್ದಿತು. ಬೆಳೆದ ಜೋಳದಲ್ಲಿ ಇಷ್ಟು ಪಾಲನ್ನು ಸರ್ಕಾರ ಗೊತ್ತುಮಾಡಿದ ಬೆಲೆಗೆ ಕೊಡಲೇಬೇಕು. 1944ರಲ್ಲಿ ಮುಂಬಯಿ ಸರ್ಕಾರ ಆಹಾರ ಬೆಳೆಗಳನ್ನು ಹೆಚ್ಚಿಸುವ ಕಾಯ್ದೆಯನ್ನೂ ತಂದು, ಹತ್ತಿಯಂಥ ಬೆಳೆಗಳ ನೆಲಕ್ಕೆ ಮಿತಿ ಹಾಕಿತು. ಅಂದರೆ ದ್ವೀಪವೂ ಪ್ರಾಂತವೂ ಒಂದೇ ಕಾಲಕ್ಕೆ ಒಂದೇ ಪಾಠ ಕಲಿತಿದ್ದವು. ವ್ಯತ್ಯಾಸವೆಂದರೆ, ಆ ಹೊತ್ತಿಗೆ ನಮ್ಮ ಹೊಲದಲ್ಲಿ ಇನ್ನೂ ಜೋಳವಿತ್ತು. ಸೊಲ್ಲಾಪುರದ ಹತ್ತಿರದ ಮೋಹೋಳದಲ್ಲಿ 1930ರ ದಶಕದಲ್ಲಿ ಆಯ್ದು ತೆಗೆದ ಮಾಲದಂಡಿ ಜೋಳ, ಅಂದರೆ ಎಂ 35-1, ಈ ಎರೆಗೆ ಹೇಳಿ ಮಾಡಿಸಿದಂತೆ ಒಗ್ಗಿ ಹಬ್ಬಿತ್ತು. ಕೆಲವೇ ವರ್ಷಗಳಲ್ಲಿ ಯುದ್ಧ ಮುಗಿಯಿತು, ಸ್ವಾತಂತ್ರ್ಯ ಬಂತು, 1949ರಲ್ಲಿ ಕೊಲ್ಹಾಪುರ ವಿಲೀನವಾಗಿ ರಾಯಬಾಗ ಬೆಳಗಾವಿ ಜಿಲ್ಲೆಗೆ ಸೇರಿತು, 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಗಡಿಯ ಜಗಳದ ಗದ್ದಲದಲ್ಲಿ ಹೊಲದ ಮಾತು ಯಾರಿಗೂ ನೆನಪಾಗಲಿಲ್ಲ.

ನಿಪ್ಪಾಣಿಯ ದಾರಿ ಬೇರೆ. ಅಲ್ಲಿ ಕಬ್ಬಿಗೆ ಮೊದಲೇ ತಂಬಾಕು ಬಂದಿತ್ತು. ಗುಜರಾತಿನ ಚರೋತರ ಬಿಟ್ಟರೆ ಬೀಡಿ ತಂಬಾಕಿಗೆ ದೇಶದಲ್ಲೇ ಹೆಸರಾದದ್ದು ನಿಪ್ಪಾಣಿ ಸೀಮೆ. ನೀರು ಹೆಚ್ಚು ಕೇಳದ, ಎಕರೆ ಎರಡೆಕರೆಯವನಿಗೂ ಕೈತುಂಬ ರೊಕ್ಕ ತೋರಿಸುವ ಬೆಳೆ. ಆದರೆ ತಂಬಾಕನ್ನು ಉಣ್ಣಲಾಗದು, ಹಗೇವಿನಲ್ಲಿ ಇಡಲೂ ಆಗದು. ವ್ಯಾಪಾರಿ ಹೇಳಿದ ದರಕ್ಕೆ ಕೊಡದಿದ್ದರೆ ವಖಾರಿಯ ಬಾಗಿಲಿಂದ ಗಾಡಿ ಹಿಂದಿರುಗುವುದೊಂದೇ ಗತಿ. 1943ರಲ್ಲಿ ತಂಬಾಕಿನ ಮೇಲೆ ಕೇಂದ್ರ ಅಬಕಾರಿ ಸುಂಕ ಬಿದ್ದ ಮೇಲೆ ಎಲೆ ಎಲೆಗೂ ಲೆಕ್ಕ ಬರೆಯಬೇಕಾಯಿತು. 1979ರಲ್ಲಿ ಕಚ್ಚಾ ತಂಬಾಕಿನ ಸುಂಕ ತೆಗೆದಾಗ ಆ ಲೆಕ್ಕವೂ ಹೋಗಿ ರೈತ ಪೂರ್ತಿಯಾಗಿ ವ್ಯಾಪಾರಿಯ ಮಾತಿಗೆ ಸಿಕ್ಕ. ವಖಾರಿಗಳೊಳಗೆ ತಂಬಾಕಿನ ಧೂಳು ಕುಡಿಯುತ್ತ ಸಾವಿರಾರು ಹೆಂಗಸರು ದುಡಿಯುತ್ತಿದ್ದರು. ಅವರು ಸಂಘ ಕಟ್ಟಿ ಕೂಲಿಗಾಗಿ ಹೋರಾಡಿದ್ದನ್ನು ಯುಗಾಂತರ ಎಂಬ ಮಹಿಳೆಯರ ತಂಡ 1982ರಲ್ಲಿ ಚಿತ್ರವಾಗಿ ತೆಗೆದಿದೆ.

1981ರ ಮಾರ್ಚಿನಲ್ಲಿ ಶರದ್ ಜೋಶಿಯವರ ಶೇತಕರಿ ಸಂಘಟನೆಯ ಕರೆಗೆ ತಂಬಾಕು ರೈತರು ಬಂದು ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ ಕುಳಿತರು. ಹಿಂದಿನ ವರ್ಷವಷ್ಟೇ, 1980ರ ಜುಲೈನಲ್ಲಿ, ನರಗುಂದದ ರೈತರು ನೀರಿನ ಕರದ ವಿರುದ್ಧ ಎದ್ದಿದ್ದರು. ಆ ಕಿಚ್ಚು ಇನ್ನೂ ಆರಿರಲಿಲ್ಲ. ನಿಪ್ಪಾಣಿಯಲ್ಲಿ ಹೆದ್ದಾರಿಯೇ ಊರಾಯಿತು, ಅದಕ್ಕೆ ಆಂದೋಲನ ನಗರ ಎಂದು ಹೆಸರಾಯಿತು. ಹಳ್ಳಿಹಳ್ಳಿಯಿಂದ ಬುತ್ತಿ ಬಂತು. ಮರಾಠಿಯವರು, ಕನ್ನಡದವರು ಎಂಬ ಗಡಿಯ ಜಗಳ ಆ ದಿನಗಳಲ್ಲಿ ಬದಿಗೆ ಸರಿದಿತ್ತು. ಮೂರು ವಾರ ದಾಟಿದ ಮೇಲೆ, ಏಪ್ರಿಲ್ 6ರಂದು ಪೊಲೀಸರು ಗುಂಡು ಹಾರಿಸಿದರು. ಹತ್ತಕ್ಕೂ ಹೆಚ್ಚು ರೈತರು ಸತ್ತರು. ಅವರು ಕೇಳಿದ್ದು ತಾವು ಬೆಳೆದ ಮಾಲಿಗೆ ಬೆಲೆ. ತಿನ್ನಲಾಗದ ಬೆಳೆಯನ್ನು ನೆಚ್ಚಿದವನಿಗೆ ಬೆಲೆಯೇ ಅನ್ನ, ಅದು ತಪ್ಪಿದರೆ ಅನ್ನವೇ ತಪ್ಪಿದಂತೆ. ಕರ್ನಾಟಕದ ರೈತ ಚಳವಳಿಯ ಚರಿತ್ರೆಯಲ್ಲಿ ನರಗುಂದಕ್ಕೆ ಸಿಕ್ಕ ಜಾಗ ನಿಪ್ಪಾಣಿಗೆ ಸಿಕ್ಕಿಲ್ಲ. ಗಡಿಯ ಊರು, ಮರಾಠಿ ಮುಂದಾಳು ಎಂಬ ಕಾರಣಕ್ಕೆ ನಾವು ಆ ಸಾವುಗಳನ್ನು ಮರೆತಿದ್ದರೆ ಅದು ದೊಡ್ಡ ಅನ್ಯಾಯ.

ಕಬ್ಬಿಗೆ ದಾರಿ ಬಿಟ್ಟುಕೊಟ್ಟದ್ದು ಎಪ್ಪತ್ತೆರಡರ ಬರ. 1972–73ರಲ್ಲಿ ದಖ್ಖಣದ ಉದ್ದಗಲಕ್ಕೂ ಮಳೆ ಹೋಯಿತು. ಗೌಡರ ಮನೆಯ ಹೆಂಗಸರೂ ಕಾಮಗಾರಿಯಲ್ಲಿ ಜಲ್ಲಿ ಹೊತ್ತ ಕಾಲವದು. ರೇಶನ್ನಿಗೆ ಅಮೆರಿಕದಿಂದ ಬಂದ ಕೆಂಪು ಮೈಲೋ ಜೋಳ. ಮಾಲದಂಡಿಯ ಬಿಳಿ ರೊಟ್ಟಿ ಉಂಡವರಿಗೆ ಆ ಕೆಂಪು ಹಿಟ್ಟು ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಆದರೂ ಜೀವ ಉಳಿಸಿದ್ದು ಅದೇ. ಬಾವಿ ಬತ್ತಿದ್ದನ್ನು, ದನ ಮಾರಿದ್ದನ್ನು ಕಂಡ ತಲೆಮಾರು ಒಂದು ನಿಶ್ಚಯಕ್ಕೆ ಬಂತು: ಇನ್ನು ಮುಗಿಲು ನೋಡಿ ಬದುಕುವುದು ಬೇಡ. ಮೇಲೆ ಮಹಾರಾಷ್ಟ್ರದಲ್ಲಿ ಕೊಯ್ನಾ ಅಣೆಕಟ್ಟು ಆಗಲೇ ಕಟ್ಟಿ ಮುಗಿದಿತ್ತು. ಹೊಳೆಯಲ್ಲಿ ಬೇಸಿಗೆಗೂ ನೀರು ಕಾಣತೊಡಗಿತ್ತು. ಕರೆಂಟು ಬಂತು, ಪಂಪ್‌ಸೆಟ್ಟು ಬಂತು, ಸೊಸೈಟಿ ಸಾಲದಲ್ಲಿ ಹೊಳೆಯಿಂದ ಮೈಲಿಗಟ್ಟಲೆ ಪೈಪು ಎಳೆದರು. 1977ರಲ್ಲಿ ಹಿಡಕಲ್ ಅಣೆಕಟ್ಟು ಮುಗಿದು ಘಟಪ್ರಭೆಯ ಕಾಲುವೆ ಉದ್ದವಾಯಿತು, ಚಿಕ್ಕೋಡಿ ಶಾಖಾ ಕಾಲುವೆ ಬಂತು. ಚಿಕ್ಕೋಡಿಯಲ್ಲಿ ದೂಧಗಂಗಾ ಕೃಷ್ಣಾ, ನಿಪ್ಪಾಣಿಯಲ್ಲಿ ಹಾಲಸಿದ್ಧನಾಥ, ಅಥಣಿಯಲ್ಲಿ ಕೃಷ್ಣಾ, ರಾಯಬಾಗದಲ್ಲಿ ಇನ್ನೊಂದು, ಹೀಗೆ ಸಹಕಾರಿ ಕಾರ್ಖಾನೆಗಳು ಎದ್ದವು, ಹಿಂದೆಯೇ ಖಾಸಗಿಯವು. ಹಿಪ್ಪರಗಿ ಬ್ಯಾರೇಜು ಕಟ್ಟಿದ ಮೇಲೆ ಅಥಣಿಯ ಕೆಳಗಿನ ಹೊಳೆಸಾಲಿಗೂ ವರ್ಷವಿಡೀ ನೀರಾಯಿತು. ಬರ ಕಂಡವನ ಕೈಗೆ ನೀರು ಸಿಕ್ಕಾಗ ಅವನು ಕಬ್ಬು ಹಚ್ಚಿದ. ಇದರಲ್ಲಿ ದುರಾಸೆ ಎಲ್ಲಿದೆ?

ಲೆಕ್ಕವೇ ಮಾತಾಡಲಿ. 2025–26ರ ಹಂಗಾಮಿಗೆ ಕೇಂದ್ರ ಸರ್ಕಾರ ಕಬ್ಬಿಗೆ ಗೊತ್ತುಮಾಡಿದ ದರ, ಶೇಕಡಾ 10.25 ಸಕ್ಕರೆ ಇಳುವರಿಗೆ, ಟನ್ನಿಗೆ 3,550 ರೂಪಾಯಿ. ಎಕರೆಗೆ 40 ಟನ್ ತೆಗೆದವನಿಗೆ 1,42,000 ರೂಪಾಯಿ. ಅದೇ ವರ್ಷ ಮಾಲದಂಡಿ ಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 3,749 ರೂಪಾಯಿ. ಮಳೆಯ ಮೇಲೆ ಎಕರೆಗೆ ಐದು ಕ್ವಿಂಟಲ್ ಬೆಳೆದವನಿಗೆ 18,745. ಕಬ್ಬಿನ ಖರ್ಚು, ಕಟಾವಿನ ಪಾಳಿಯ ಕಾಯುವಿಕೆ, ಬಾಕಿ ಬಿಲ್ಲು, ಕಟಾವಿನ ಗ್ಯಾಂಗಿಗೆ ಕೊಡುವ ಖುಷಿ ಎಲ್ಲ ಕಳೆದರೂ ಅಂತರ ಅಂತರವೇ. ಜೊತೆಗೆ ಜೋಳಕ್ಕೆ ಹಕ್ಕಿ ಕಾಯಬೇಕು, ಕೊಯ್ಲಿಗೆ ಆಳು ಸಿಗುವುದಿಲ್ಲ, ಸುತ್ತ ಕಬ್ಬಿರುವಾಗ ನಡುವೆ ಒಂದು ಎಕರೆ ಜೋಳ ಹಾಕಿದರೆ ಊರಿನ ಹಕ್ಕಿ, ಹಂದಿಯೆಲ್ಲ ಅಲ್ಲಿಗೇ. ರೈತನಿಗೆ ನೀತಿ ಹೇಳುವವರು ಈ ಲೆಕ್ಕವನ್ನು ಮೊದಲು ಓದಿಕೊಳ್ಳಬೇಕು.

ಆದರೆ ನೆಲದ ಲೆಕ್ಕ ಬೇರೆ. ಎರೆಗೆ ವರ್ಷವಿಡೀ ನೀರು ನಿಲ್ಲಿಸಿದರೆ ಅಡಿಯ ಉಪ್ಪು ಮೇಲೇಳುತ್ತದೆ. ಸವಳು-ಜವಳು ಎಂದು ನಮ್ಮವರು ಕರೆಯುವ ಈ ರೋಗ ಹೊಳೆಸಾಲಿನ ಉದ್ದಕ್ಕೂ ಹಬ್ಬಿದೆ. ಮೊದಲು ಕಬ್ಬು ಹಳದಿಯಾಗುತ್ತದೆ, ಆಮೇಲೆ ಬಿಳಿ ಹುಡಿ ಕಾಣುತ್ತದೆ, ಕೊನೆಗೆ ಜೇಕು ಮಾತ್ರ ಬೆಳೆಯುತ್ತದೆ. ಉಗಾರ ಬುದ್ರುಕದಲ್ಲಿ ನೂರಾರು ಹೆಕ್ಟೇರಿನ ಅಡಿಯಲ್ಲಿ ತೂತಿನ ಕೊಳವೆ ಹೂಳಿ ಉಪ್ಪುನೀರು ಬಸಿದು ಹಾಕಿ ನೆಲವನ್ನು ಮರಳಿ ಪಡೆದಿದ್ದಾರೆ. ಒಳ್ಳೆಯ ಕೆಲಸ, ಆದರೆ ಎಷ್ಟು ಊರಿಗೆ, ಯಾರ ದುಡ್ಡಿನಲ್ಲಿ?

2019ರಷ್ಟು ನಿಚ್ಚಳವಾಗಿ ಈ ಸೀಮೆಯ ಪಾಡನ್ನು ತೋರಿಸಿದ ವರ್ಷ ಇನ್ನೊಂದಿಲ್ಲ. ಆ ಬೇಸಿಗೆಯಲ್ಲಿ ಕೃಷ್ಣೆ ಬತ್ತಿ ಹಾಸುಬಂಡೆ ತೋರಿಸಿತು. ಕುಡಿಯಲು ಕೊಯ್ನಾ ನೀರು ಬಿಡಿಸಿ ಎಂದು ಅಥಣಿ, ಚಿಕ್ಕೋಡಿ, ರಾಯಬಾಗದ ಜನ ರಸ್ತೆಗಿಳಿದರು. ಆಗಸ್ಟಿನಲ್ಲಿ ಅದೇ ಹೊಳೆ ದಂಡೆ ಮೀರಿತು. ಯಮಗರ್ಣಿಯ ಹತ್ತಿರ ವೇದಗಂಗೆ ಹೆದ್ದಾರಿಯನ್ನೇ ಮುಳುಗಿಸಿ ಪುಣೆ–ಬೆಂಗಳೂರು ಸಂಚಾರ ನಿಂತಿತು. ಕಲ್ಲೋಳ–ಯಡೂರಿನಂಥ ಕೆಳಮಟ್ಟದ ಸೇತುವೆಗಳು ನೀರೊಳಗಾದವು. ಹೊಳೆಸಾಲಿನ ಊರೂರು ನಡುಗಡ್ಡೆಯಾದವು. ಸುತ್ತ ಕಣ್ಣು ಹಾಯುವಷ್ಟು ಮುಳುಗಿದ ಕಬ್ಬು. ಉಣ್ಣಲು ಅನ್ನ ಮಾತ್ರ ದೋಣಿಯಲ್ಲಿ ಬರಬೇಕು. ಐದು ತಾಲೂಕಿಗೂ ಗಂಜಿಕೇಂದ್ರಗಳು ಬಂದವು. ನೆರೆ ಹೊಸದಲ್ಲ, 2005ರಲ್ಲೂ ಬಂದಿತ್ತು, 2021ರಲ್ಲಿ ಮತ್ತೆ ಬಂತು. ನಡುಗಡ್ಡೆಯಾದ ಊರಿನ ಮನೆಗಳಲ್ಲಿ ತಿಂಗಳ ಕಾಳೂ ಇರಲಿಲ್ಲ ಎಂಬುದು ಹೊಸದು.

ಕಾಳು ರಾಜ್ಯದ ಗೋದಾಮಿನಲ್ಲಿದೆಯಲ್ಲ, ದುಡ್ಡು ಕೊಟ್ಟರೆ ಸಿಗುತ್ತದಲ್ಲ ಎನ್ನುವವರು 2023ರ ಜೂನ್ ನೆನಪಿಸಿಕೊಳ್ಳಲಿ. ಅನ್ನಭಾಗ್ಯಕ್ಕೆ ಹೆಚ್ಚುವರಿ ಅಕ್ಕಿ ಕೊಳ್ಳಲು ಕರ್ನಾಟಕ ಸರ್ಕಾರ ದುಡ್ಡು ಹಿಡಿದು ನಿಂತಿತ್ತು. ಆಹಾರ ನಿಗಮದಿಂದ ಅಕ್ಕಿ ಸಿಗಲಿಲ್ಲ. ಬೇರೆ ರಾಜ್ಯಗಳಿಂದ ಬೇಕಾದಷ್ಟು ಒದಗಲಿಲ್ಲ. ಕೊನೆಗೆ ಕಿಲೋಗೆ 34 ರೂಪಾಯಿಯಂತೆ ಜನರ ಖಾತೆಗೆ ನಗದು ಹಾಕಬೇಕಾಯಿತು. ಹಡಗು ನಿಂತ ದ್ವೀಪದ ಪಾಡನ್ನು ಕಡಲಿಲ್ಲದ ನಮ್ಮ ಸೀಮೆಯೂ ಅನುಭವಿಸಬಹುದು. ಆ ಹೊತ್ತಿನಲ್ಲಿ ರೊಟ್ಟಿ ಉಣ್ಣುವ ಬೆಳಗಾವಿ, ವಿಜಯಪುರದ ಜನರಿಗೆ ಅಕ್ಕಿಯ ಬದಲು ಅವರದೇ ನೆಲದ ಜೋಳ ಕೊಡೋಣ ಎಂಬ ಮಾತು ಇನ್ನೂ ಗಟ್ಟಿಯಾಗಿ ಕೇಳಬೇಕಿತ್ತು.

ಜೋಳ ಈ ಸೀಮೆಯಿಂದ ಪೂರ್ತಿ ಹೋಗಿಲ್ಲ. ಅಥಣಿಯ ಮೂಡಲಕ್ಕೆ ತೆಲಸಂಗದ ಕಡೆ, ಬಡಗಣಕ್ಕೆ ಮದಭಾವಿ, ಅನಂತಪುರದ ಕಡೆ ದ್ರಾಕ್ಷಿಯ ಪಡಗಳ ನಡುವೆ ಇನ್ನೂ ಹಿಂಗಾರಿ ಬಿತ್ತುವವರಿದ್ದಾರೆ. ಎಳ್ಳಮಾಸಿಗೆ ಹೊಲದಲ್ಲಿ ಚರಗ ಚೆಲ್ಲುತ್ತಾರೆ, ಸುಗ್ಗಿಯಲ್ಲಿ ಸೀತನಿ ಸುಟ್ಟು ನೆಂಟರನ್ನು ಕರೆಯುತ್ತಾರೆ. ಬಡಗಣದ ಒಣ ಹಳ್ಳಿಗಳಿಗೂ ಈಗ ಖಿಳೇಗಾವ ಬಸವೇಶ್ವರ ಏತ ನೀರಾವರಿಯ ನೀರು ಏರಿಸುವ ಯೋಜನೆ ಇದೆ. ನೀರು ಬರಲಿ. ನೂರೈವತ್ತು ವರ್ಷ ಬಾಯಾರಿದವರಿಗೆ ನೀರು ಬೇಡ ಎನ್ನುವ ಹಕ್ಕು ಯಾರಿಗೂ ಇಲ್ಲ. ಆದರೆ ಆ ನೀರಿನ ಜೊತೆಗೆ ಬಸಿಗಾಲುವೆಯೂ ಬರಲಿ. ಕಾರ್ಖಾನೆಯ ಏಜೆಂಟ ಹೊಲಕ್ಕೆ ಬರುವ ಮೊದಲೇ ಜೋಳ, ತೊಗರಿ, ಕಡಲೆಗೆ ಖರೀದಿ ಕೇಂದ್ರ ತೆರೆಯಲಿ. ಕೊಂಡ ಜೋಳ ಬೆಳಗಾವಿ ಜಿಲ್ಲೆಯ ರೇಶನ್ ಅಂಗಡಿಗೆ, ಶಾಲೆಯ ಬಿಸಿಯೂಟಕ್ಕೆ, ಹಾಸ್ಟೆಲಿಗೆ ಹೋಗಲಿ. ಊರ ಸೊಸೈಟಿಯ ಗೊಬ್ಬರದ ಗೋದಾಮಿನ ಪಕ್ಕ ಕಾಳಿನ ಗೋದಾಮೂ ಒಂದಿರಲಿ. ಭೂಮಿ ಇಲ್ಲದವರೂ ಅದರ ಪಾಲುದಾರರಾಗಲಿ, ಏಕೆಂದರೆ ಹಳೆಯ ಹಗೇವು ಅವರಿಗೆ ತೆರೆದಿರಲಿಲ್ಲ. ಕಬ್ಬು ಬೆಳೆಯುವ ನನ್ನ ಬಂಧುಗಳಲ್ಲಿ ನಾನು ಕೇಳುವುದು ಇಷ್ಟೇ: ಈ ಹಿಂಗಾರಿಗೆ ಮನೆಗೆ ಸಾಕಾಗುವಷ್ಟು ನೆಲದಲ್ಲಿ ಮಾಲದಂಡಿ ಬಿತ್ತಿರಿ, ನಡುವೆ ಕುಸುಬಿಯ ಅಕ್ಕಡಿ ಹಾಕಿರಿ, ಬೀಜ ಉಳಿಸಿಕೊಳ್ಳಿರಿ.